ನಗುಮುಖದ ಪುಸ್ತಕಗಳು

ಒಂದು ಬೆಂಚಿನ ತುಂಬ ಜನ ಸಾಲಾಗಿ ಕುಳಿತು ಸುಳ್ಳು ಬರೆಯುವುದನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ನೋಡಿದ್ದೇನೆ. ತಿಂಗಳಿಗೊಮ್ಮೆ, ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಹಾಡಹಗಲೇ. ನೋಡಿದ್ದಷ್ಟೇ ಅಲ್ಲ, ಪೆನ್ನು ಕೊಟ್ಟವಳೂ ನಾನೇ.

ವಿಷಯ ಇಷ್ಟು. ಪಾದದ ನರಗಳ ಉರಿಗೆ ಒಂದು ಕಂಪನಿ ಹೊಸ ಗುಳಿಗೆ ಮಾಡಿತ್ತು. ಅದನ್ನು ಅಂಗಡಿಗೆ ಬಿಡುವ ಮೊದಲು ಇಪ್ಪತ್ತಮೂರು ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಕೊಟ್ಟು, ಉರಿ ಇಳಿಯುತ್ತದೆಯೇ, ಬೇರೆ ತೊಂದರೆ ಹುಟ್ಟಿಕೊಳ್ಳುತ್ತದೆಯೇ ಎಂದು ನೋಡಬೇಕಿತ್ತು. ನಮ್ಮದು ಆ ಇಪ್ಪತ್ತಮೂರರಲ್ಲಿ ಒಂದು. ರೋಗಿಗಳು ಮೂವತ್ತನಾಲ್ಕು ಜನ. ಅವರ ರಕ್ತ ತೆಗೆಯುವ, ಬಿ.ಪಿ. ನೋಡುವ, ದಿನಚರಿ ಪುಸ್ತಕ ಕಾಯುವ ನರ್ಸು ನಾನು.

ಆ ಪುಸ್ತಕದಲ್ಲಿ ದಿನಕ್ಕೊಂದು ಸಾಲು, ಸಾಲಿನಲ್ಲಿ ಮೂರು ಮುಖ. ಒಂದು ನಗುತ್ತದೆ, ಒಂದು ಸಪ್ಪಗಿರುತ್ತದೆ, ಒಂದು ಅಳುತ್ತದೆ. ರೋಗಿ ಪ್ರತಿದಿನ ತನಗೆ ಹೇಗನ್ನಿಸಿತೋ ಆ ಮುಖಕ್ಕೆ ಗೆರೆ ಹಾಕಬೇಕು, ತೊಂದರೆ ಏನಾದರೂ ಆಗಿದ್ದರೆ ಪಕ್ಕದಲ್ಲಿ ಬರೆಯಬೇಕು. ಯಾವ ಪುಣ್ಯಾತ್ಮನೂ ಪ್ರತಿದಿನ ಹಾಕುತ್ತಿರಲಿಲ್ಲ, ಪುಸ್ತಕವನ್ನು ನಮ್ಮ ಕಪಾಟಿನಲ್ಲೇ ಬಿಟ್ಟು ಹೋಗುತ್ತಿದ್ದರು. ತಪಾಸಣೆಯ ಬೆಳಿಗ್ಗೆ ಬಂದು, ಬೆಂಚಿಗೆ ದಾರದಿಂದ ಕಟ್ಟಿದ್ದ ಒಂದೇ ನೀಲಿ ಪೆನ್ನನ್ನು ಕೈಯಿಂದ ಕೈಗೆ ದಾಟಿಸುತ್ತ, ಮೂವತ್ತು ದಿನದ ಮುಖಗಳನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದರು. ಪಕ್ಕದವರ ಪುಸ್ತಕ ಇಣುಕಿ ನೋಡಿ ಬರೆಯುವವರೂ ಇದ್ದರು.

ಅಳುಮುಖಕ್ಕೆ ಒಂದೇ ಒಂದು ಗೆರೆ ಬಿದ್ದರೂ ನಾನು ಅವತ್ತೇ ನಾಲ್ಕು ಪುಟದ ವರದಿ ತುಂಬಬೇಕಿತ್ತು. ಹಾಗಾಗಿ ಬೆಂಚಿನ ಮುಂದೆ ನಿಂತು ನಾನೇ ಹೇಳುತ್ತಿದ್ದೆ. "ಜೀವ ಹೋಗೋಂಥದ್ದು ಏನೂ ಇಲ್ಲ ಅಂದ್ರೆ ನಗುಮುಖಕ್ಕೆ ಹಾಕಿ. ಸುಮ್ನೆ ಅಳುಮುಖಕ್ಕೆ ಹಾಕಿದ್ರೆ ಡಾಕ್ಟ್ರು ನೂರೆಂಟು ಪ್ರಶ್ನೆ ಕೇಳ್ತಾರೆ, ಊಟದ ಹೊತ್ತು ಮೀರುತ್ತೆ." ಎಲ್ಲರೂ ನಗುತ್ತಿದ್ದರು. ಪುಸ್ತಕಗಳೂ ನಗುತ್ತಿದ್ದವು. ಕೊನೆಯ ಪುಟದಲ್ಲಿ, ರೋಗಿ ಇದನ್ನು ಪ್ರತಿದಿನ ತಾನೇ ತುಂಬಿದ್ದಾನೆಂದು ಖಾತ್ರಿ ಮಾಡಿಕೊಂಡಿದ್ದೇನೆ ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕುತ್ತಿದ್ದೆ.

ಕಂಪನಿಯಿಂದ ಕಾಗದಪತ್ರ ನೋಡಲು ಬರುವವನಿಗೆ ನಾವು ಇಸ್ತ್ರಿ ಎಂದು ಅಡ್ಡಹೆಸರಿಟ್ಟಿದ್ದೆವು. ಕುಳಿತರೂ ಅಂಗಿಯಲ್ಲಿ ಒಂದು ಸುಕ್ಕು ಬೀಳದ ಮನುಷ್ಯ. ಅವನು ಒಂದು ಪುಸ್ತಕ ಎತ್ತಿ ಹಿಡಿದು ಎಲ್ಲರ ಮುಂದೆ ನನ್ನನ್ನು ಹೊಗಳಿದ್ದ. "ಒಂದು ದಿನಾನೂ ಬಿಟ್ಟಿಲ್ಲ, ಒಂದು ಚಿತ್ತು ಕಾಟು ಇಲ್ಲ. ಪುಸ್ತಕ ಅಂದ್ರೆ ಹೀಗಿರಬೇಕು." ಅದು ನನ್ನ ದೊಡ್ಡಮ್ಮನ ಪುಸ್ತಕ.

ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಪಾದಗಳನ್ನು ಉರಿಗೆ ಒಪ್ಪಿಸಿದವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳೂ ಅವಳೇ. ಈ ಪರೀಕ್ಷೆಗೆ ಅವಳನ್ನು ಸೇರಿಸಿದ್ದು ನಾನು. ಒಳ್ಳೆಯ ಔಷಧ ಬೇಗ ಸಿಗಲಿ ಎಂಬ ಆಸೆಗೇ ಸೇರಿಸಿದ್ದು, ಅದರಲ್ಲಿ ಸುಳ್ಳಿಲ್ಲ.

ಆ ಮಂಗಳವಾರ ದೊಡ್ಡಮ್ಮ ಬಚ್ಚಲಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕೈಗೆ ಪಟ್ಟಿ ಹಾಕಿಸಿಕೊಂಡು ಬಂದು ಮಂಚದ ಮೇಲೆ ಮಲಗಿಸಿದೆ. ಅವಳನ್ನು ಎತ್ತುವಾಗಲೇ ನೆಲ ನೋಡಿದ್ದೆ, ಬಚ್ಚಲು ಒಣಗಿತ್ತು, ಚೊಂಬು ಬೋರಲು ಬಿದ್ದಿತ್ತು. ಸ್ನಾನ ಇನ್ನೂ ಶುರುವೇ ಆಗಿರಲಿಲ್ಲ. ಏನೋ ಅನುಮಾನ ಬಂದು ಬಿ.ಪಿ. ಯಂತ್ರ ತೆಗೆದೆ. ಮಲಗಿದ್ದಾಗ ಮೇಲಿನ ಅಂಕಿ ನೂರನಲವತ್ತು. ನಿಧಾನಕ್ಕೆ ಎಬ್ಬಿಸಿ ನಿಲ್ಲಿಸಿ ನೋಡಿದರೆ ತೊಂಬತ್ತೆರಡು. ದೊಡ್ಡಮ್ಮ ಗೋಡೆ ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಎಷ್ಟು ದಿನದಿಂದ ಹೀಗೆ?"

"ಗುಳಿಗೆ ಶುರುವಾದ ಎರಡನೇ ವಾರದಿಂದ. ಎದ್ದ ತಕ್ಷಣ ಕಣ್ಣು ಕತ್ತಲೆ. ನಮ್ಮ ಬೆಂಚಲ್ಲಿ ಸುಮಾರು ಜನಕ್ಕೆ ಹಂಗೇ ಕಣೇ. ಬಸ್ಸು ಓಡಿಸ್ತಿದ್ರಲ್ಲ, ಅವರಂತೂ ಹಾಸಿಗೆ ಪಕ್ಕ ಕುರ್ಚಿ ಇಟ್ಕೊಂಡಿದ್ದಾರೆ ಹಿಡ್ಕೊಳ್ಳೋಕೆ."

"ಹೇಳ್ಬಾರ್ದಿತ್ತಾ ನಂಗೆ?"

"ನೀನೇ ತಾನೆ ಹೇಳಿದ್ದು ನಗುಮುಖಕ್ಕೆ ಹಾಕಿ ಅಂತ. ನಿಂಗ್ಯಾಕೆ ಕೆಲಸ ಜಾಸ್ತಿ ಮಾಡೋದು ಅಂದ್ಕೊಂಡೆ."

ಆ ಮಾತು ಕೇಳಿ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ಪರೀಕ್ಷೆಯ ನಿಯಮದಂತೆ ನಾವು ಬಿ.ಪಿ. ನೋಡುತ್ತಿದ್ದುದು ರೋಗಿಯನ್ನು ಐದು ನಿಮಿಷ ಕುರ್ಚಿಯಲ್ಲಿ ಕೂರಿಸಿ. ನಿಂತಾಗ ಏನಾಗುತ್ತದೆಂದು ನೋಡು ಎಂದು ಯಾರೂ ಹೇಳಿರಲಿಲ್ಲ, ನಮಗೂ ತೋಚಿರಲಿಲ್ಲ. ಮೂವತ್ತನಾಲ್ಕು ಜನರೂ ಕೂತಾಗ ಚೆನ್ನಾಗಿದ್ದರು, ನಿಂತಾಗ ಒಬ್ಬೊಬ್ಬರೇ ಬೀಳುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಮುಂದಿನ ಸೋಮವಾರದಿಂದ ಎಲ್ಲ ಆಸ್ಪತ್ರೆಗಳಲ್ಲೂ ಒಂದು ಗುಳಿಗೆಯ ಬದಲು ಎರಡು ಕೊಡಬೇಕೆಂದು ಆದೇಶ ಬಂದಿತ್ತು. ಒಂದಕ್ಕೇ ಬೀಳುವವರು ಎರಡಕ್ಕೆ ಏನಾಗುತ್ತಾರೆಂದು ತಿಳಿಯಲು ಡಾಕ್ಟರಾಗಬೇಕಾಗಿಲ್ಲ.

ಬುಧವಾರ ಬೆಳಿಗ್ಗೆ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಪರೀಕ್ಷೆಗೆ ಅವರೇ ಮುಖ್ಯಸ್ಥರು. ದೊಡ್ಡಮ್ಮ ಬಿದ್ದ ಸುದ್ದಿ ಅವರಿಗೆ ಹಿಂದಿನ ದಿನವೇ ತಲುಪಿತ್ತು, ವರದಿಯ ಕಾಗದ ಆಗಲೇ ತುಂಬಿಟ್ಟಿದ್ದರು. ಕಾರಣ ಎಂಬಲ್ಲಿ ಒದ್ದೆ ನೆಲ. ಔಷಧಕ್ಕೆ ಸಂಬಂಧವಿದೆಯೇ ಎಂಬಲ್ಲಿ ಇಲ್ಲ.

"ಬಚ್ಚಲು ಒಣಗಿತ್ತು ಡಾಕ್ಟ್ರೇ. ನಾನೇ ನೋಡಿದೆ."

"ಬಚ್ಚಲು ಅಂದ್ಮೇಲೆ ಒದ್ದೆ ಇರುತ್ತಮ್ಮ." ಟೀ ಬಟ್ಟಲಿನಲ್ಲಿ ಬಿದ್ದಿದ್ದ ಬಿಸ್ಕತ್ತಿನ ಚೂರನ್ನು ಚಮಚದಿಂದ ತೆಗೆಯುತ್ತ, ತಲೆ ಎತ್ತದೆ ಹೇಳಿದರು.

ಕಪಾಟು ತೆರೆದು ಹಳೆಯ ವರದಿಗಳನ್ನು ಹರಡಿದೆ. ಐದು ತಿಂಗಳಲ್ಲಿ ಇದು ಒಂಬತ್ತನೆಯ ಬೀಳುವಿಕೆ. ಹಿಂದಿನ ಎಂಟಕ್ಕೂ ಕಾರಣ ಇತ್ತು. ಸವೆದ ಚಪ್ಪಲಿ, ಮಂದ ದೀಪ, ಕಾಲಿಗೆ ಸಿಕ್ಕ ನಾಯಿ, ಹೊಸ ಕನ್ನಡಕ, ಎತ್ತರದ ಮೆಟ್ಟಿಲು. ನಾಯಿಗೂ ಕನ್ನಡಕಕ್ಕೂ ಬಾಯಿಲ್ಲ, ಅವು ತಕರಾರು ತೆಗೆಯುವುದಿಲ್ಲ. ತಿಪ್ಪೆ ಸಾರಿಸುವುದರಲ್ಲಿ ಈ ಮನುಷ್ಯನ ಕೈ ಎಷ್ಟು ಪಳಗಿದೆಯೆಂದು ಕಂಡು ಅಸಹ್ಯವಾಯಿತು. ಅವುಗಳಲ್ಲಿ ಆರನ್ನು ಅವರು ಹೇಳಿದಂತೆ ಬರೆದದ್ದು ನನ್ನದೇ ಅಕ್ಷರದಲ್ಲಿ ಎಂಬುದು ಕಂಡು ಇನ್ನೂ ಅಸಹ್ಯವಾಯಿತು.

"ಇವರಿಗೆಲ್ಲ ಎದ್ದಾಗ ಕಣ್ಣು ಕತ್ತಲೆ ಬರ್ತಿದೆ. ಸಂಬಂಧ ಇದೆ ಅಂತ ಬರೀರಿ. ಸೋಮವಾರದ್ದು ತಡೆಯೋಣ" ಅಂದೆ.

ಅವರು ಈಗ ಚಮಚ ಇಟ್ಟರು. ದೊಡ್ಡಮ್ಮನ ಪುಸ್ತಕ ತೆಗೆದು ನನ್ನ ಮುಂದೆ ತಳ್ಳಿದರು. "ಇದ್ರಲ್ಲಿ ನೂರೈವತ್ತು ದಿನ ನಗ್ತಾ ಇದ್ದಾರಲ್ಲಮ್ಮ ನಿಮ್ಮ ದೊಡ್ಡಮ್ಮ. ಒಂದು ದಿನಾನೂ ತಲೆ ಸುತ್ತಿಲ್ಲ. ಕೆಳಗೆ ಯಾರ ಸಹಿ ಇದು?"

"ನಂದು" ಅಂದೆ.

"ಸಂಬಂಧ ಇದೆ ಅಂತ ಬರೆದ್ರೆ, ಮೊದಲು ಈ ಪುಸ್ತಕ ಸುಳ್ಳು ಅಂತ ಹೇಳ್ಬೇಕಾಗುತ್ತೆ. ಹೇಳ್ತೀಯಾ? ಮನೆಗೆ ಹೋಗು, ಅವರನ್ನ ನೋಡ್ಕೋ. ಕೈ ಕೂಡುತ್ತೆ."

ಅವರು ಅದನ್ನು ಮೃದುವಾಗಿಯೇ ಹೇಳಿದರು. ಆ ಮೃದುತನವೇ ನನಗೆ ತಡೆಯಲಾಗಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆನೇನೋ. ರಕ್ತದ ಸೀಸೆಗಳಿಡುವ ಫ್ರಿಜ್ಜಿನ ಪಕ್ಕ ಹತ್ತು ನಿಮಿಷ ನಿಂತಿದ್ದು, ರೋಗಿಗಳ ಒಪ್ಪಿಗೆ ಪತ್ರದ ಕೊನೆಯಲ್ಲಿ ಅಚ್ಚಾಗಿದ್ದ, ಇಡೀ ಪರೀಕ್ಷೆಯ ಮೇಲೆ ಕಣ್ಣಿಡುವ ಸುರಕ್ಷತಾ ಸಮಿತಿಯ ನಂಬರಿಗೆ ಫೋನು ಮಾಡಿದೆ. ಐದು ತಿಂಗಳಲ್ಲಿ ಆ ನಂಬರಿಗೆ ಯಾರೂ ಫೋನು ಮಾಡಿರಲಿಲ್ಲವಂತೆ.

ಎತ್ತಿದವರು ಒಬ್ಬ ಹೆಂಗಸು. ಒಂಬತ್ತು ಬೀಳುವಿಕೆಗಳನ್ನೂ ಹೇಳಿದೆ, ಮಲಗಿದಾಗ ನಿಂತಾಗ ಸಿಕ್ಕ ಅಂಕಿ ಹೇಳಿದೆ. ಆಕೆ ಎಲ್ಲ ಬರೆದುಕೊಂಡು ಕೇಳಿದರು. "ಆದ್ರೆ ನಿಮ್ಮಲ್ಲಿಂದ ಬಂದ ಪುಸ್ತಕದ ಪ್ರತಿಗಳಲ್ಲಿ ಇದ್ಯಾವುದೂ ಇಲ್ವಲ್ಲ?"

"ಪುಸ್ತಕ ಸುಳ್ಳು. ಬೆಂಚಿನ ಮೇಲೆ ಕೂರಿಸಿ ನಾನೇ ತುಂಬಿಸಿದ್ದು."

"ಎಷ್ಟು ಪುಸ್ತಕ?"

"ಎಲ್ಲಾ."

ಆಕೆ ಇದನ್ನು ಬರೆದು ಕಳಿಸಿ ಅಂದರು. ಬರೆದು, ಸಹಿ ಹಾಕಿ ಕಳಿಸಿದೆ. ಐದು ತಿಂಗಳಲ್ಲಿ ಆ ಮಹಡಿಯಿಂದ ಹೊರಗೆ ಹೋದ ಮೊದಲ ನಿಜದ ಕಾಗದ ಅದೇ ಇರಬೇಕು.

ಗುರುವಾರ ಸಮಿತಿಯಿಂದ ಇಬ್ಬರು ಬಂದು ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿ ನೋಡಿದರು. ಎಲ್ಲದರಲ್ಲೂ ಒಂದೇ ನೀಲಿ, ಒಂದೇ ಒತ್ತು. ಒಬ್ಬ ಮೂಗು ಮುಚ್ಚಿಕೊಳ್ಳುವುದೊಂದು ಬಾಕಿ. ಇಸ್ತ್ರಿಯೂ ಬಂದಿದ್ದ, ನನ್ನ ಕಡೆ ನೋಡಲೇ ಇಲ್ಲ. ದೊಡ್ಡ ಡಾಕ್ಟರು ತಮಗೆ ಏನೂ ಗೊತ್ತಿಲ್ಲ, ನರ್ಸನ್ನು ನಂಬಿ ಕೆಟ್ಟೆ ಎಂದು ಹೇಳಿ ಕೈತೊಳೆದುಕೊಂಡರು. ಶುಕ್ರವಾರ ನಮ್ಮ ಆಸ್ಪತ್ರೆಯ ಪರೀಕ್ಷಾ ಕೇಂದ್ರಕ್ಕೆ ಬೀಗ ಬಿತ್ತು, ನನ್ನ ಕೆಲಸ ಹೋಯಿತು. ಮೂವತ್ತನಾಲ್ಕು ಜನರ ಗುಳಿಗೆ ನಿಲ್ಲಿಸಿದರು. ಅಷ್ಟಾದರೂ ಆಯಿತಲ್ಲ ಎಂದು ಆ ದಿನ ಹೊಟ್ಟೆ ತುಂಬ ಊಟ ಮಾಡಿದೆ.

ಶನಿವಾರ ಮಧ್ಯಾಹ್ನ ಸಮಿತಿಯ ಪತ್ರ ಬಂತು. ದೊಡ್ಡಮ್ಮ ಮಂಚದ ಮೇಲೆ ಕುಳಿತು ಎಡಗೈಯಲ್ಲಿ ಗುಂಡಿ ಹೊಲಿಯಲು ಹೆಣಗುತ್ತಿದ್ದಳು. ಏನು ಬರೆದಿದ್ದಾರೆ, ಓದು ಅಂದಳು. ಗಟ್ಟಿಯಾಗಿ ಓದಿದೆ. ಈ ಕೇಂದ್ರದ ದಾಖಲೆಗಳು ನಂಬಲು ಯೋಗ್ಯವಲ್ಲವಾದ್ದರಿಂದ ಇಲ್ಲಿಂದ ಬಂದ ಎಲ್ಲ ಮಾಹಿತಿಯನ್ನು ಪರೀಕ್ಷೆಯಿಂದ ಪೂರ್ತಿಯಾಗಿ ಕೈಬಿಡಲಾಗಿದೆ. ಉಳಿದ ಇಪ್ಪತ್ತೆರಡು ಕೇಂದ್ರಗಳಲ್ಲಿ ಇಂಥ ದೂರು ಬಂದಿಲ್ಲ. ಪರೀಕ್ಷೆ ಯೋಜನೆಯಂತೆ ಮುಂದುವರಿಯಲಿದೆ.

"ಎಲ್ಲ ಅಂದ್ರೆ, ನಾನು ಬಿದ್ದಿದ್ದೂನಾ?"

"ಅದೂ. ಒಂಬತ್ತೂ ಹೋಯ್ತು."

"ಅಲ್ಲೆಲ್ಲ ಯಾರೂ ಬಿದ್ದಿಲ್ವಂತಾ?"

"ಅಲ್ಲಿನ ಪುಸ್ತಕಗಳೂ ನಗ್ತಾ ಇರ್ಬೇಕು ದೊಡ್ಡಮ್ಮ."

ದೊಡ್ಡಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಸೋಮವಾರದಿಂದ ಅವರಿಗೆ ಎರಡೆರಡು ಗುಳಿಗೆ."

"ಹೂಂ."

"ಬೀಳ್ತಾರೆ ಅಂತ ಅವರಿಗೆ ಯಾರು ಹೇಳ್ತಾರೆ?"

"ನಾನೇ ಹೇಳ್ಬೇಕಿತ್ತು" ಅಂದೆ. "ಆದ್ರೆ ನನ್ನ ಮಾತು ನಂಬಬೇಡಿ ಅಂತ ನಾನೇ ಬರೆದು ಸಹಿ ಹಾಕಿ ಕೊಟ್ಟಿದ್ದೀನಿ."