ದಾಳಿಂಬೆಯ ಎಡಗಡೆ ಕೊಂಬೆ

ಬೀದಿಯವರೆಲ್ಲ ಕತ್ತರಿಯಪ್ಪ ಎಂದೇ ಕರೆಯುತ್ತಿದ್ದ ಆ ಕ್ಷೌರಿಕ ತನ್ನ ಮನೆಯ ಮಹಡಿ ಹತ್ತುತ್ತಿದ್ದುದು ವರ್ಷಕ್ಕೆ ನಾಲ್ಕೋ ಐದೋ ಸಲ, ಅದೂ ನೀರಿನ ಟ್ಯಾಂಕು ತೊಳೆಯುವುದಕ್ಕೆ. ಮಹಡಿಯ ಮೇಲಿದ್ದದ್ದು ಅವನ ಹೆಂಡತಿಯ ರಾಜ್ಯ. ಆಕೆ ಸೈಕಲ್ಲಿನಲ್ಲಿ ಅಂಚೆ ಹಂಚುವವಳು, ಊರಿಗೆಲ್ಲ ಅಂಚೆಯಕ್ಕ. ಮೇಲೆ ಹಲಗೆಗಳ ಮೇಲೆ ಹನ್ನೊಂದು ಬೋನ್ಸಾಯ್ ಗಿಡಗಳಿದ್ದವು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು ಗಂಟೆ, ಸಂಜೆ ಬಂದ ಮೇಲೆ ಇನ್ನೊಂದು ಗಂಟೆ ಅವುಗಳ ಮುಂದೆ ಕೂರದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ.

ಎಲ್ಲಕ್ಕಿಂತ ಹಿರಿಯದು ದಾಳಿಂಬೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರದೋ ಗೇಟಿನ ಪಕ್ಕ ಕಸದ ಜೊತೆ ಬಿದ್ದಿದ್ದ ಸಸಿಯನ್ನು ಕಾಗದಗಳ ಚೀಲದಲ್ಲಿಟ್ಟುಕೊಂಡು ತಂದಿದ್ದಳು. ಈಗ ಅದರ ಬುಡ ಮಣಿಕಟ್ಟಿನಷ್ಟು ದಪ್ಪ, ಎತ್ತರ ಮಾತ್ರ ಎರಡು ಗೇಣು.

"ಇಪ್ಪತ್ತೆರಡು ವರ್ಷ ಗೊಬ್ಬರ ತಿಂದೂ ಮೊಣಕಾಲಿಗೆ ಬಂದಿಲ್ಲ," ಎಂದು ಕತ್ತರಿಯಪ್ಪ ಛೇಡಿಸುವನು.

"ನೀವೂ ನನ್ನ ಹೆಗಲು ದಾಟಿಲ್ಲ. ನಾನೇನು ಆಚೆಗೆ ಹಾಕಿದ್ನಾ?" ಎಂದು ಆಕೆ ಬಾಯಿ ಮುಚ್ಚಿಸುವಳು. ಒಳಗಿನಿಂದ ಅವನ ತಾಯಿ ಕಿಸಕ್ಕನೆ ನಗುವಳು. ಅತ್ತೆ ಸೊಸೆ ಒಂದಾದರೆ ಆ ಮನೆಯಲ್ಲಿ ಕತ್ತರಿಯಪ್ಪನ ಪರ ವಾದಿಸಲು ಯಾರೂ ಇರುತ್ತಿರಲಿಲ್ಲ.

ಆ ವರ್ಷ ಗಿಡಗಳು ಚಿಗುರಿ ತುಂಬಿಕೊಳ್ಳುತ್ತಿದ್ದ ಹೊತ್ತಿಗೇ ಅಂಚೆಯಕ್ಕ ಒಂದು ತಿರುವಿನಲ್ಲಿ ಜಲ್ಲಿಕಲ್ಲಿನ ಮೇಲೆ ಜಾರಿ ಸೈಕಲ್ ಸಮೇತ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು, ಎಡಗಾಲಿನ ಹರಡು ಉಳುಕಿ ಕುಂಬಳಕಾಯಿಯಾಯಿತು. ಕೈಗೆ ಆರು ವಾರ ಪ್ಲಾಸ್ಟರ್, ಒಂದು ತಿಂಗಳು ಮೆಟ್ಟಿಲ ತಂಟೆಗೇ ಹೋಗಕೂಡದು ಎಂದರು ಡಾಕ್ಟರು. ಆಟೋದಿಂದ ಇಳಿಸಿ ಮಂಚದ ಮೇಲೆ ಕೂರಿಸಿದಾಗ ಆಕೆ ಆಡಿದ ಮೊದಲ ಮಾತು ನೋವಿನದ್ದಲ್ಲ.

"ರೀ, ಈ ಬಿಸಿಲಿಗೆ ಎರಡು ಹೊತ್ತು ನೀರು ಹಾಕದಿದ್ರೆ ಅವು ಮೂರು ದಿನಕ್ಕೆ ಸತ್ತು ಹೋಗ್ತವೆ."

"ನಾನಿದೀನಲ್ಲ," ಎಂದುಬಿಟ್ಟ ಕತ್ತರಿಯಪ್ಪ. ಅಂದ ಮೇಲೆ ತನ್ನ ಮಾತು ಕೇಳಿ ತಾನೇ ಬೆಚ್ಚಿದ.

ಮರುದಿನದಿಂದ ಪಾಠ ಶುರುವಾಯಿತು. ಮಂಚದ ಮೇಲಿನಿಂದ ಆಕೆ ಹೇಳುವುದು, ಮೇಲೆ ಹೋಗಿ ಇವನು ಮಾಡುವುದು, ಮಾಡಿದ್ದನ್ನು ಫೋನಿನಲ್ಲಿ ಫೋಟೋ ತೆಗೆದು ತಂದು ತೋರಿಸುವುದು. ಕುಂಡದ ತಳದ ತೂತಿನಿಂದ ನೀರು ಇಳಿಯುವವರೆಗೂ ಹಾಕಬೇಕು. ಹದಿನೈದು ದಿನಕ್ಕೊಮ್ಮೆ ನೆನೆಸಿದ ಹಿಂಡಿಯ ತಿಳಿ. ವಾರಕ್ಕೊಮ್ಮೆ ಪ್ರತಿ ಕುಂಡವನ್ನೂ ಕಾಲು ಸುತ್ತು ತಿರುಗಿಸಬೇಕು, ಇಲ್ಲವಾದರೆ ಗಿಡ ಬಿಸಿಲಿನ ಕಡೆಗೇ ವಾಲುತ್ತದೆ.

"ಚಿಗುರಿಗೆ ಆರು ಎಲೆ ಬರೋ ತನಕ ಕೈ ಹಾಕ್ಬೇಡಿ. ಆಮೇಲೆ ಎರಡು ಎಲೆ ಉಳಿಸಿ ಕತ್ತರಿಸಿ."

"ಕತ್ತರಿಸೋದೇ ಆದ್ರೆ ಆರು ಬರೋ ತನಕ ಯಾಕೆ ಕಾಯೋದು?"

"ಬಿಟ್ರೆ ತಾನೆ ಕೊಂಬೆಗೆ ಬಲ ಬರೋದು? ಬಲ ಬಂದಿದ್ದಕ್ಕೆ ಮಾತ್ರ ಕತ್ತರಿ."

ಮೂವತ್ತು ವರ್ಷ ಕತ್ತರಿ ಹಿಡಿದ ಕೈಗೆ ಇದೇನು ಮಹಾ ಎಂದುಕೊಂಡಿದ್ದ. ಆದರೆ ತಲೆಗೂದಲು ತಪ್ಪಿ ಹೆಚ್ಚು ಕತ್ತರಿಸಿದರೂ ತಿಂಗಳಲ್ಲಿ ಬೆಳೆದು ಮಾನ ಉಳಿಸುತ್ತದೆ; ಇಲ್ಲಿ ಹಾಗಿಲ್ಲ ಎಂಬುದು ಎರಡೇ ದಿನದಲ್ಲಿ ತಿಳಿಯಿತು. ಒಂದು ಚಿಗುರಿನ ಮುಂದೆ ಹತ್ತು ನಿಮಿಷ ನಿಂತು, ಕತ್ತರಿಸದೆ ಇಳಿದು ಬಂದದ್ದೂ ಉಂಟು. ಅತ್ತಿಯ ಗಿಡದ ಎಲೆಗಳನ್ನೆಲ್ಲ ತೊಟ್ಟು ಮಾತ್ರ ಉಳಿಸಿ ತೆಗೆಯಬೇಕಿತ್ತು, ಮುಂದೆ ಬರುವ ಎಲೆ ಚಿಕ್ಕದಾಗಲಿ ಎಂದು. ಅದನ್ನು ಮುಗಿಸುವಷ್ಟರಲ್ಲಿ ಬಟ್ಟೆ ಒಣಗಿಸಲು ಬಂದ ತಾಯಿ ಬಕೆಟ್ ಕೆಳಗಿಟ್ಟು ನಿಂತುಬಿಟ್ಟಳು.

"ಅಯ್ಯೋ ನಿನ್ನ! ಅಂಗಡೀಲಿ ಬೋಳಿಸೋದು ಸಾಲದು ಅಂತ ಇದನ್ನೂ ಬೋಳಿಸಿದೆಯೇನೋ?"

"ಅವಳೇ ಹೇಳಿದ್ದು ಕಣಮ್ಮಾ."

"ಅವಳು ಹೇಳಿದ್ರೆ ಸರಿ ಇರುತ್ತೆ ಬಿಡು," ಎಂದು ತಾಯಿ ಬಟ್ಟೆ ಹಿಂಡತೊಡಗಿದಳು.

ಎಡವಟ್ಟಾದದ್ದು ಎರಡನೆಯ ವಾರದಲ್ಲಿ. ದಾಳಿಂಬೆಯ ಎಡಗಡೆ ಕೊಂಬೆಯನ್ನು ಬಾಗಿಸಲು ಅಂಚೆಯಕ್ಕ ಹೋದ ವರ್ಷ ಅಲ್ಯುಮಿನಿಯಂ ತಂತಿ ಸುತ್ತಿದ್ದಳು. ಚಿಗುರುವ ಕಾಲದಲ್ಲಿ ಕೊಂಬೆ ದಪ್ಪವಾಗುತ್ತದೆ, ತಂತಿ ತೊಗಟೆಗೆ ಕಚ್ಚಿಕೊಂಡರೆ ಕಲೆ ಹೋಗುವುದಿಲ್ಲ, ಕೂಡಲೇ ತೆಗೆಯಿರಿ ಎಂದಳು. "ತುಂಡು ತುಂಡಾಗಿ ಕತ್ತರಿಸಿ ತೆಗೀರಿ. ಬಿಚ್ಚೋಕೆ ಮಾತ್ರ ಹೋಗ್ಬೇಡಿ," ಎಂದು ಎರಡು ಸಲ ಒತ್ತಿ ಹೇಳಿದಳು. ಇವನು ಎರಡು ಸಲ ಹೂಂ ಎಂದ. ಮೇಲೆ ಹೋಗಿ ನೋಡಿದರೆ ತಂತಿ ಹೊಸದರಂತೆ ಹೊಳೆಯುತ್ತಿತ್ತು. ಇಂಥ ತಂತಿಯನ್ನು ಹಾಳು ಮಾಡುವುದೇಕೆ, ಮೆಲ್ಲಗೆ ಬಿಚ್ಚಿದರಾಯಿತು ಎಂದುಕೊಂಡ. ನಾಲ್ಕು ಸುತ್ತು ಬೆಣ್ಣೆಯಂತೆ ಬಂತು. ಐದನೆಯದಕ್ಕೆ ಚಟ್ ಎಂದಿತು.

ಕೊಂಬೆ ಅರ್ಧ ಸೀಳಿ, ಒಂದು ಪಕ್ಕದ ತೊಗಟೆಯ ಮೇಲೆ ಜೋತು ನಿಂತಿತ್ತು. ಆ ತುದಿಯಲ್ಲಿ ಎರಡು ಕೆಂಪು ಮೊಗ್ಗುಗಳಿದ್ದವು.

ತಕ್ಷಣ ಎದುರಿನ ತನ್ನ ಅಂಗಡಿಗೆ ಓಡಿ, ಗಿರಾಕಿಗಳ ಕುತ್ತಿಗೆಗೆ ಸುತ್ತುವ ಕಾಗದದ ಪಟ್ಟಿಯ ಸುರುಳಿ ತಂದ. ಸೀಳನ್ನು ಕೂಡಿಸಿ, ಗಿಡದ ಗಾಯಕ್ಕೆಂದು ಹೆಂಡತಿ ಡಬ್ಬಿಯಲ್ಲಿಟ್ಟಿದ್ದ ಮುಲಾಮು ಮೆತ್ತಿ, ಪಟ್ಟಿ ಸುತ್ತಿ, ಮೇಲೆ ದಾರ ಬಿಗಿದ. ಕೆಳಗಿನಿಂದ ಒಂದು ಬಾಚಣಿಗೆಯ ಆಸರೆ ಕೊಟ್ಟ. ಕುಂಡವನ್ನು ನೆರಳಿಗೆ ಸರಿಸಿದ. ಇಳಿದು ಬಂದಾಗ ಅಂಚೆಯಕ್ಕ, "ತಂತಿ ತೆಗೆದ್ರಾ?" ಎಂದಳು.

"ತೆಗ್ದೆ."

"ಫೋಟೋ?"

ಅವನು ಮತ್ತೆ ಹತ್ತಿ ಹೋಗಿ, ಮುರಿದ ಕೊಂಬೆ ಕಾಣದ ಹಾಗೆ ಗಿಡದ ಹಿಂಬದಿಯಿಂದ ಫೋಟೋ ತೆಗೆದು ತಂದ. ಆಕೆ ಬಹಳ ಹೊತ್ತು ನೋಡಿ, "ಚೆನ್ನಾಗಿದೆ," ಎಂದಳು. ಅವನು ಫೋನನ್ನು ಜೇಬಿಗಿಳಿಸಿ ಅಂಗಡಿಗೆ ಹೊರಟ.

ತಾಯಿಗೆ ಮಾತ್ರ ಅಂದೇ ಗೊತ್ತಾಯಿತು. ಬಟ್ಟೆ ಒಣಗುವುದು ಅಲ್ಲೇ ತಾನೆ. "ಹೇಳಿಬಿಡೋ," ಎಂದಳು.

"ಮೊದಲೇ ನೋವಲ್ಲಿದಾಳೆ ಕಣಮ್ಮಾ. ಕೂಡಿಕೊಂಡ ಮೇಲೆ ಹೇಳ್ತೀನಿ."

"ಕೂಡಿಕೊಳ್ಳದಿದ್ರೆ?"

ಅಂದಿನಿಂದ ಕತ್ತರಿಯಪ್ಪ ದಿನಕ್ಕೆ ನಾಲ್ಕೈದು ಸಲ ಮಹಡಿ ಹತ್ತತೊಡಗಿದ. ಅಂಗಡಿ ಎದುರಿಗೇ ಇದ್ದುದರಿಂದ, ಒಂದು ತಲೆ ಮುಗಿದರೆ ಇನ್ನೊಂದಕ್ಕೆ ಕೈ ಹಚ್ಚುವ ಮೊದಲು ಒಮ್ಮೆ ಓಡಿಬರುವನು. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ ಕನ್ನಡಿಯ ಮುಂದೆ ಕಾದು ಕಾದು ಸುಸ್ತಾಗಿ, ತಾನೇ ಮುಖ ಒರೆಸಿಕೊಂಡು ಹೋದ. ದಾಳಿಂಬೆಯನ್ನು ನೋಡಲು ಹೋದವನು ಉಳಿದವನ್ನೂ ನೋಡುತ್ತಿದ್ದ. ಸಂಜೆ ಮಂಚದ ಪಕ್ಕ ಕೂತು ವರದಿ ಒಪ್ಪಿಸುತ್ತಿದ್ದ.

"ಆ ಬೋಳಿಸಿದ ಅತ್ತಿ ಇದೆಯಲ್ಲ, ಪ್ರತಿ ತೊಟ್ಟಿನ ಬುಡದಲ್ಲೂ ಸೂಜಿ ಮೊನೆ ಥರ ಹಸಿರು ಬಂದಿದೆ ಕಣೇ! ಆಲಿವ್ ಗಿಡದ ಮೇಲೆ ಬಿಳೀ ಹುಳ ಇತ್ತು, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಒಂದೊಂದೇ ತೆಗ್ದೆ."

"ಎಲೆ ಕೆಳಗೂ ನೋಡಿದ್ರಾ?"

"ಕೆಳಗೇ ಜಾಸ್ತಿ ಇದ್ದದ್ದು, ಕಳ್ಳರು."

ಆಕೆ ದಿಂಬಿಗೆ ಒರಗಿ ಕೇಳುವಳು, ನಡುನಡುವೆ ಪ್ರಶ್ನೆ ಹಾಕುವಳು. ಹೀಗೆ ಅವರಿಬ್ಬರು ಒಂದೇ ವಿಷಯವನ್ನು ಗಂಟೆಗಟ್ಟಲೆ ಮಾತಾಡಿ ವರ್ಷಗಳೇ ಆಗಿದ್ದವು.

ತಿಂಗಳು ಮುಗಿಯಿತು. ಕಾಲು ಸರಿಯಾಗಿದೆ, ಮೆಟ್ಟಿಲು ಹತ್ತಬಹುದು ಎಂದರು ಡಾಕ್ಟರು. ಮನೆಗೆ ಬಂದವಳೇ ಅಂಚೆಯಕ್ಕ ಮಹಡಿಯ ಮೆಟ್ಟಿಲ ಕಡೆ ಹೊರಟಳು. ಕತ್ತರಿಯಪ್ಪ ಅಡ್ಡ ನಿಂತ. ಬೆಳಿಗ್ಗೆಯಷ್ಟೇ ನೋಡಿಬಂದಿದ್ದ, ಆ ಕೊಂಬೆಯ ತುದಿಯ ಎಲೆಗಳು ಕಂದು ಬಣ್ಣಕ್ಕೆ ತಿರುಗಿ ಮುದುಡಿದ್ದವು. ಮೊಗ್ಗುಗಳು ಎಂದೋ ಉದುರಿದ್ದವು.

"ನಿಲ್ಲು. ಒಂದು ಮಾತಿದೆ," ಎಂದ. "ದಾಳಿಂಬೆಯ ಎಡಗಡೆ ಕೊಂಬೆ ನಾನು ಮುರಿದೆ. ನೀನು ಹೇಳಿದ್ರೂ ಕೇಳದೆ ತಂತಿ ಬಿಚ್ಚೋಕೆ ಹೋದೆ. ಉಳಿಸೋಕೆ ಏನೆಲ್ಲ ಮಾಡಿದೆ, ಆಗ್ಲಿಲ್ಲ. ನಿಂಗೆ ಸುಳ್ಳು ಫೋಟೋ ತೋರಿಸ್ದೆ."

ಅಂಚೆಯಕ್ಕ ಒಂದು ಮೆಟ್ಟಿಲ ಮೇಲೆ ಕಾಲಿಟ್ಟವಳು ಹಾಗೇ ಅವನ ಕಡೆ ನೋಡಿದಳು. "ಗೊತ್ತು."

"ಅಮ್ಮ ಹೇಳಿದ್ಲಾ?"

"ಅತ್ತೆ ಯಾಕೆ ಹೇಳ್ಬೇಕು? ಇಪ್ಪತ್ತೆರಡು ವರ್ಷ ನೋಡಿದ ಗಿಡದ ಮುಖ ಯಾವುದು, ಬೆನ್ನು ಯಾವುದು ಅಂತ ನಂಗೆ ತಿಳಿಯಲ್ವಾ? ದಿನಾ ಬೆನ್ನು ತೋರಿಸ್ತಿದ್ರಿ. ಮುಂದೆ ಏನೋ ಆಗಿದೆ ಅಂತ ಮೊದಲ ದಿನವೇ ಅನ್ನಿಸ್ತು. ಅವತ್ತು ತಿರುಗಿ ಮಲಗಿ ಕಣ್ಣೀರೂ ಹಾಕಿದೆ."

"ಮತ್ತೆ ಕೇಳ್ಬಾರ್ದಿತ್ತಾ? ಬಯ್ಯಬಾರ್ದಿತ್ತಾ? ನಾನು ಒಳಗೊಳಗೇ ಬೆಂದು ಹೋದೆ."

"ಬಯ್ಯೋಣ ಅಂತಲೇ ಇದ್ದೆ." ಆಕೆ ಪ್ಲಾಸ್ಟರಿನ ಅಂಚು ಕೆರೆದುಕೊಂಡಳು. "ಅಷ್ಟರಲ್ಲಿ ನೀವು ಬಂದು ಅತ್ತಿಯ ತೊಟ್ಟಿನಲ್ಲಿ ಚಿಗುರು ಬಂತು ಅಂತ ಹೇಳಿದ್ರಿ. ಮುಖ ಇಷ್ಟಗಲ ಆಗಿತ್ತು. ಬಯ್ದ್ರೆ ನೀವು ಮತ್ತೆ ಮೇಲೆ ಹತ್ತಲ್ಲ ಅನ್ನಿಸ್ತು. ಆಮೇಲೆ ಬಯ್ಯೋ ಮನಸ್ಸೇ ಹೋಯ್ತು."

ಕತ್ತರಿಯಪ್ಪ ಬದಿಗೆ ಸರಿದು ನಿಂತ. ಹೆಗಲು ಕೊಟ್ಟ. ಅದನ್ನು ಹಿಡಿದು ಆಕೆ ಒಂದೊಂದೇ ಮೆಟ್ಟಿಲು ಹತ್ತಿದಳು.

ಮೇಲೆ ದಾಳಿಂಬೆಯ ಮುಂದೆ ಕೂತು ದಾರ ಬಿಚ್ಚಿಸಿದಳು. ಬಾಚಣಿಗೆ ಕಂಡು ನಗು ತಡೆಯಲಾಗಲಿಲ್ಲ. ಆದರೆ ಪಟ್ಟಿ ಬಿಡಿಸಿದ ಮೇಲೆ ನಗು ನಿಂತಿತು. ಕಣ್ಣು ಕಿರಿದು ಮಾಡಿ ಬಗ್ಗಿ, ಎಡಗೈ ಉಗುರಿನಿಂದ ತೊಗಟೆಯನ್ನು ಕೆರೆದಳು. ಸೀಳಿನಿಂದಾಚೆ ಕಂದು, ಒಣ ಕಡ್ಡಿ. ಸೀಳಿನಿಂದೀಚೆ, ಕಾಂಡದ ಕಡೆಗೆ, ಒಳಗೆ ಹಸಿರು. ಅಲ್ಲೇ, ಪಟ್ಟಿಯ ಅಡಿಯಲ್ಲಿ ಬಿಸಿಲು ಕಾಣದೆ ಬಿಳಿಚಿಕೊಂಡು, ಅಕ್ಕಿಕಾಳಿನಷ್ಟು ಎರಡು ಚಿಗುರು.

"ಅರ್ಧ ಕೊಂಬೆ ಹೋಯ್ತು. ಅರ್ಧ ಉಳಿಸಿದೀರ," ಎಂದಳು. "ನೀವು ಕಟ್ಟದಿದ್ರೆ ಬುಡದ ತನಕ ಒಣಗ್ತಿತ್ತು."

"ನಿಜ ಹೇಳ್ತಿದೀಯಾ, ಸಮಾಧಾನಕ್ಕಾ?"

"ಗಿಡದ ವಿಷಯದಲ್ಲಿ ನಾನು ಯಾವತ್ತು ಯಾರನ್ನ ಸಮಾಧಾನ ಮಾಡಿದೀನಿ? ಕತ್ತರಿಸಿ ಈಗ. ಸತ್ತಿರೋದನ್ನ ಇಟ್ಟುಕೊಂಡ್ರೆ ಕೊಳೆತ ಒಳಗೆ ಹೋಗುತ್ತೆ. ಆ ಚಿಗುರಿನ ಮೇಲೆ, ಓರೆಯಾಗಿ."

ಅವನು ಕತ್ತರಿ ಹಿಡಿದ. ಈ ಸಲ ಒಂದೇ ಏಟಿಗೆ ಕತ್ತರಿಸಿದ. ಆಕೆ ಬೆರಳಿನಿಂದ ಗಾಯಕ್ಕೆ ಮುಲಾಮು ಮೆತ್ತಿದಳು.

ಕೈಯ ಪ್ಲಾಸ್ಟರ್ ತೆಗೆದ ಮೇಲೂ ಅಂಚೆಯಕ್ಕನ ಬೆರಳುಗಳಿಗೆ ಮೊದಲಿನ ಹಿಡಿತ ಬರಲು ತಿಂಗಳುಗಳೇ ಬೇಕಾದವು. ಹಿಡಿತ ಬಂದ ಮೇಲೂ ಕತ್ತರಿಯಪ್ಪ ಮಹಡಿ ಹತ್ತುವುದನ್ನು ಬಿಡಲಿಲ್ಲ, ಆಕೆ ಬಿಡಿ ಎನ್ನಲೂ ಇಲ್ಲ. ಮುರಿದ ಕೊಂಬೆಯ ಎರಡು ಚಿಗುರುಗಳು ಒಂದು ಬೆರಳುದ್ದ ಬೆಳೆದಾಗ ಒಂದನ್ನು ತೆಗೆದು ಒಂದನ್ನು ಮುಂದಿನ ಕೊಂಬೆಯಾಗಿ ಬೆಳೆಸಬೇಕಿತ್ತು.

"ಮೇಲಿನದು ಇರ್ಲಿ, ದಪ್ಪಗಿದೆ," ಎಂದ ಅವನು.

"ಕೆಳಗಿನದು. ತಿರುವು ನೋಡಿ ಹೇಗಿದೆ."

"ತಿರುವು ತಂತಿ ಸುತ್ತಿ ತರಬಹುದು. ಬಲ ತರೋಕಾಗುತ್ತಾ?"

ಆಕೆ ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕೆಳಗಿನ ಚಿಗುರನ್ನು ತಾನೇ ಚಿವುಟಿ ತೆಗೆದಳು.