ಬೈತಲೆ ಯಾವ ಕಡೆ

ಆಸ್ಪತ್ರೆಯ ಗಾಜಿನ ಬಾಗಿಲಲ್ಲಿ ಎದುರಿಗೆ ಯಾರೋ ಮುದುಕ, ದಾರಿ ಬಿಡೋಣವೆಂದು ಸರಿದರೆ ಅವನೂ ಸರಿದ — ಅಯ್ಯೋ, ನಾನೇ, ಮೂವತ್ತು ವರ್ಷ ಕನ್ನಡಿ ಮುಂದೆ ನಿಂತು ಊರವರ ತಲೆಗೂದಲು ಕತ್ತರಿಸಿದವನಿಗೆ ತನ್ನ ಗುರುತು ತನಗೇ ಹತ್ತಲಿಲ್ಲ, ಎಲ್ಲ ಈ ಬೈತಲೆಯಿಂದ, ಬೆಳಿಗ್ಗೆ ಎಡದಿಂದ ಬಲಕ್ಕೆ ತಿರುಗಿಸಿದ ಬೈತಲೆಯಿಂದ, ಒಳಗೆ ಹದಿನಾಲ್ಕನೇ ಮಂಚದ ಮೇಲೆ ಹೆಂಡತಿ ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದಾಳೆ, ಹತ್ತು ಗಂಟೆಗೆ ಬಿಚ್ಚುತ್ತಾರಂತೆ, ನಾಲ್ಕು ವರ್ಷದ ಪೊರೆ ತೆಗೆದಿದ್ದಾರೆ, ನೀವು ನಂಗೆ ಬರೀ ನೆರಳು ಕಣ್ರೀ, ಆದ್ರೆ ಮುಖ ಮರ್ತಿಲ್ಲ ಅನ್ನುತ್ತಿದ್ದಳು, ಅವಳು ಮರೆಯದ ಆ ಮುಖದ ಮೇಲೇ ಈಗ ನನಗೆ ಹೊಟ್ಟೆಕಿಚ್ಚು, ಅದಕ್ಕೆ ಹಲ್ಲೆಲ್ಲ ಇದ್ದವು, ಕೆನ್ನೆ ತುಂಬಿತ್ತು. ನಿನ್ನೆಯವರೆಗೆ ಈ ಹೆದರಿಕೆ ಇರಲಿಲ್ಲ, ಅಂಗಡಿಯ ಕನ್ನಡಿಯಲ್ಲಿ ನಾನು ಪರವಾಗಿಲ್ಲ, ಆಮೇಲೆ ಆಸ್ಪತ್ರೆಯ ಪಾಸ್ ಕೊಡುವಾಕೆ ಇಲ್ಲಿ ನೋಡಿ ಅಂದಳು, ಫೋಟೋ ಅಂಟಿಸಿದ ಚೀಟಿ ಕೈಗೆ ಬಂತು, ಒಂದು ಕಿವಿ ಮೇಲೆ ಒಂದು ಕೆಳಗೆ, ಮೂಗು ಅತ್ತ ವಾಲಿದೆ, ಬೈತಲೆಯೂ ಅತ್ತಲೇ, ಇದು ಯಾರದಮ್ಮಾ, ನಿಮ್ಮದೇ, ಇನ್ಯಾರದು — ನಮ್ಮೂರ ಶಾಲೆ ಮೇಷ್ಟ್ರು ಹಿಂದೊಮ್ಮೆ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು ತಮ್ಮ ಫೋಟೋ ತೋರಿಸಿ ಇದು ನಾನಲ್ಲಯ್ಯ ಅಂದಾಗ ಎಷ್ಟು ನಕ್ಕಿದ್ದೆ, ಕ್ಯಾಮೆರಾಗೆ ನಿಮ್ಮ ಮೇಲೇನು ದ್ವೇಷವಾ ಸಾರ್ ಅಂದಿದ್ದೆ, ಎಲ್ಲರ ತಲೆ ಹಿಂದೆ ಚಿಕ್ಕ ಕನ್ನಡಿ ಹಿಡಿದು ತೋರಿಸಿದವನು ನನ್ನ ತಲೆಗೆ ಒಂದು ದಿನವೂ ಹಿಡಿಯಲಿಲ್ಲ. ರಾತ್ರಿಯೆಲ್ಲ ಯೋಚಿಸಿದೆ, ಕನ್ನಡಿ ಎಡವನ್ನು ಬಲ ಮಾಡಿ ತೋರಿಸುತ್ತದೆ, ಕನ್ನಡಿಯಲ್ಲಿ ಕಾಣುವ ಒಳ್ಳೆಯ ಮುಖ ಅವಳಿಗೂ ಕಾಣಬೇಕಾದರೆ ಬೈತಲೆ ತಿರುಗಿಸಬೇಕು, ನನಗೆ ತಪ್ಪು ಕಂಡರೆ ಅವಳಿಗೆ ಸರಿ, ಕೂದಲು ಒಪ್ಪಲಿಲ್ಲ, ಎಣ್ಣೆ ಹಚ್ಚಿ ಒತ್ತಿ ಕೂರಿಸಿದೆ.

ನರ್ಸ್ ಪಟ್ಟಿ ಬಿಚ್ಚುತ್ತಿದ್ದಾಳೆ, ನಿಧಾನಕ್ಕೆ ಕಣ್ಣು ಬಿಡಿ ಅಮ್ಮಾ, ನಾನು ತುಟಿ ಬಿಗಿಹಿಡಿದು ನಿಂತಿದ್ದೇನೆ, ಹಲ್ಲಿಲ್ಲದ್ದು ಮೊದಲೇ ಕಾಣಿಸುವುದು ಬೇಡ, ಅವಳು ಪರದೆ ನೋಡಿದಳು, ಬಕೆಟ್ ನೋಡಿದಳು, ಎಷ್ಟು ಕೆಂಪಗಿದೆ ಅಂದಳು, ಆಮೇಲೆ ನನ್ನನ್ನು ನೋಡಿದಳು — ನೋಡುತ್ತಲೇ ಇದ್ದಾಳೆ, ಏನಾದರೂ ಹೇಳೇ, ಬಾಯಿಗೆ ಬಂದಂತೆ ಬೈದರೂ ಸರಿ, ಹೀಗೆ ಯಾರೋ ಎಂಬಂತೆ ನೋಡಬೇಡ. ಯಾರ ಕೈಲಿ ತಲೆ ಬಾಚಿಸ್ಕೊಂಡ್ರಿ? ನಾನೇ. ನೀವೇನಾ ಕ್ಷೌರದಂಗಡಿ ಇಟ್ಟಿರೋದು, ಬಗ್ಗಿ ಇಲ್ಲಿ. ಬಗ್ಗಿದೆ, ನಂಗೆ ವಯಸ್ಸಾಯ್ತು ಕಣೇ, ಅಂದೇಬಿಟ್ಟೆ, ಹಲ್ಲೂ ಹೋದ್ವು. ಗೊತ್ತು, ನಿಮ್ಮ ಮಾತಲ್ಲೇ ಗಾಳಿ ಕೇಳ್ತಿತ್ತಲ್ಲ, ಒಂದೊಂದು ಹೋದಾಗ್ಲೂ ಗೊತ್ತಾಗ್ತಿತ್ತು, ಈ ಬೈತಲೆ ತಿರುಗಿದ್ದೊಂದೇ ಗೊತ್ತಾಗ್ಲಿಲ್ಲ. ನಾಲ್ಕು ವರ್ಷ ಅವಳು ಕಿವಿಯಲ್ಲೇ ನನ್ನೊಡನೆ ಮುದಿಯಾಗಿದ್ದಾಳೆ, ನಾನು ಕನ್ನಡಿ ನೋಡುತ್ತ ನಿಂತಿದ್ದೆ, ಎಂಥ ಪೆದ್ದ — ಅವಳ ಬೆರಳು ಹಣೆಗೆ ತಾಗಿತು, ಬಲಗಡೆ ಒತ್ತಿ ಕೂರಿಸಿದ ಕೂದಲನ್ನೆಲ್ಲ ಕೆದರಿತು, ಎಡಗಡೆ ಹುಡುಕುತ್ತಿದೆ, ಕಣ್ಣು ಇನ್ನೂ ನೀರಾಡುತ್ತಿದೆ ಅವಳಿಗೆ, ಅಥವಾ ನನಗೆ, ಸಿಕ್ಕಿತು, ಉಗುರಿನಿಂದ ಮುಂದಿನಿಂದ ಹಿಂದಕ್ಕೆ ಗೆರೆ ಎಳೆಯುತ್ತಿದ್ದಾಳೆ, ಎಡಗಡೆ, ಬೈತಲೆ, ಅವಳ ಉಗುರು, ಎಡಗಡೆ