ಪಾಲಮ್ಮನ ಬ್ರೇಕು

ಸೈಕಲ್ಲಿಗೆ ಬ್ರೇಕು ಬೇಕೇ ಬೇಕು ಎನ್ನುವವರನ್ನು ಕಂಡರೆ ನನಗೆ ಆಗ ಮೈ ಉರಿಯುತ್ತಿತ್ತು. ಎಮರ್ಜೆನ್ಸಿ ಬಂದ ವರ್ಷದ ಮಾತು. ನನ್ನ ಕಾಲೇ ನನ್ನ ಬ್ರೇಕು. ಮುಂದಿನ ಟೈರಿಗೆ ಚಪ್ಪಲಿ ಒತ್ತಿದರೆ ಎಂಥ ಇಳಿಜಾರಿನಲ್ಲೂ ಸೈಕಲ್ಲು ನಿಲ್ಲುತ್ತಿತ್ತು. ಒಂದು ದಿನ ಚಪ್ಪಲಿ ಬಾರು ಕಿತ್ತುಹೋಯಿತು. ಕ್ಯಾರಿಯರ್ ಮೇಲಿದ್ದ ಹೆಂಡತಿ ಪಾಲಮ್ಮ ಪಾಪಾಸುಕಳ್ಳಿಯೊಳಗೆ ಬಿದ್ದಳು, ನಾನು ಅವಳ ಮೇಲೆ ಬಿದ್ದೆ, ಮುಂದಿನ ಚಕ್ರ ಹಪ್ಪಳವಾಯಿತು.

ಇಬ್ಬರೂ ಕುಂಟಿಕೊಂಡು ಹಟ್ಟಿಗೆ ಬಂದರೆ ನಮ್ಮವ್ವ ಜುಂಜಮ್ಮ ಬಾಗಿಲಲ್ಲೇ ಕೇಳಿದಳು: "ಸೈಕಲ್ಲಿಗೆ ಏನೂ ಆಗಿಲ್ಲ ತಾನೆ?"

ಪಾಲಮ್ಮ ಅವತ್ತೇ ಗಂಟು ಕಟ್ಟಿದಳು.

"ಕುರಿ ಕಾಲಿಗೆ ಮುಳ್ಳು ಹೊಕ್ರೆ ಮನೆ ಮಂದಿಯೆಲ್ಲ ಸುತ್ತ ಕುಂತು ತೆಗೀತೀರಿ. ನಾನು ಕುರಿಗಿಂತ ಕಡೆ. ಬ್ರೇಕಿರೋ ಸೈಕಲ್ ತಂದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲ," ಎಂದು ರಾಮಗಿರಿಯ ತವರಿಗೆ ಹೋದಳು.

ಹೋಗಲಿ ಬಿಡು ಎಂದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಮನೆ ಬಿಕೋ ಎನ್ನತೊಡಗಿತು. ಅವಳಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಹೇಳಲು ನಾಚಿಕೆಯೇನು. ಹೊಳಲ್ಕೆರೆಯ ಗುಜರಿಯಿಂದ ಒಂದು ಹಳೆಯ ಚಕ್ರ, ಎರಡು ಜೊತೆ ಕಂಬಿ ಬ್ರೇಕು ತಂದೆ. ಹಿಂದಿನ ಬ್ರೇಕು ಮರುಮಾತಿಲ್ಲದೆ ಕೂತಿತು. ಮುಂದಿನದು ಹಟ ಹಿಡಿಯಿತು. ಹ್ಯಾಂಡಲ್ಲಿನ ಹಿಡಿ ಒತ್ತಿದರೆ ಕಂಬಿ ಮೇಲೆಳೆದು, ಬ್ರೇಕಿನ ರಬ್ಬರುಗಳು ರಿಮ್ಮನ್ನು ಕೆಳಗಿನಿಂದ ಒತ್ತಬೇಕು. ಇವು ಟೈರನ್ನು ತಬ್ಬಿಕೊಂಡು ನಿಂತವು. ತಂತಿ ಕಟ್ಟಿ ಕೆಳಗಿಳಿಸಿದೆ. ಜಾಸ್ತಿ ಇಳಿದು ಕಡ್ಡಿಗಳೊಳಗೆ ಸಿಕ್ಕಿಕೊಂಡವು. ಸೈಕಲ್ಲು ನಿಂತಿತು, ನಾನು ನಿಲ್ಲದೆ ತಿಪ್ಪೆಗೆ ಹೋದೆ.

ಕೊನೆಗೆ ಸೈಕಲ್ ಶಾಪಿನ ಜಂಪಣ್ಣನ ಮುಂದೆ ತಂದು ನಿಲ್ಲಿಸಿದೆ. ಅವನು ನೋಡಿ ನಕ್ಕ.

"ಏನಪ್ಪ ಕಾಟಲಿಂಗಪ್ಪ, ಗಿಡ್ಡ ಸೈಕಲ್ಲಿನ ಚಕ್ರ ತಂದು ಎತ್ತರದ ಸೈಕಲ್ಲಿಗೆ ಹಾಕೀಯ. ರಿಮ್ಮು ಕೆಳಗೈತೆ, ಕಂಬಿ ಅಲ್ಲಿಗಂಟ ಬರಲ್ಲ."

"ಬರಂಗೆ ಮಾಡು ಮತ್ತೆ. ಹೆಂಡ್ತಿ ರಾಮಗಿರಿಯಾಗೆ ಕುಂತವ್ಳೆ," ಎಂದು ರೇಗಿದೆ.

ಹೆಂಡತಿಯ ಮಾತು ಬಂದಮೇಲೆ ಜಂಪಣ್ಣ ನಗಲಿಲ್ಲ. ಕಂಬಿಗೆ ತುಂಡು ಬೆಸೆದು ಉದ್ದ ಮಾಡಿ, ರಬ್ಬರುಗಳನ್ನು ರಿಮ್ಮಿನ ಕೆಳಗೆ ಸರಿಯಾಗಿ ಕೂರಿಸಿದ. ಹಿಡಿ ಒತ್ತಿದರೆ ಚಕ್ರ ಗಪ್ಪನೆ ನಿಂತಿತು. ನಾನು ಹಟ್ಟಿಯ ಪ್ರತಿ ಬಾಗಿಲ ಮುಂದೆಯೂ ಬ್ರೇಕು ಹಾಕಿ ತೋರಿಸಿದೆ.

ಮರುದಿನ ಹೊರಟಾಗ ಅವ್ವ ಅಡ್ಡ ಬಂದಳು. "ತಡಿಯಲೇ, ಪೂಜೆ ಮಾಡ್ದೆ ಹೊರಡಬ್ಯಾಡ." ನಮ್ಮವ್ವನಿಗೆ ಒಂದು ಪದ್ಧತಿಯಿತ್ತು. ಮನೆಯಲ್ಲಿ ಹುಟ್ಟಿದ ಕುರಿಮರಿಯಾಗಲಿ, ಮನೆಗೆ ಬಂದ ಸೊಸೆಯಾಗಲಿ, ನೆತ್ತಿಗೆ ಹರಳೆಣ್ಣೆ ಮುಟ್ಟಿಸಲೇಬೇಕು. ನಾನು ಮುಖ ತೊಳೆದು ಬರುವಷ್ಟರಲ್ಲಿ ಹ್ಯಾಂಡಲ್ಲಿಗೆ ಕುಂಕುಮ ಬಿದ್ದಿತ್ತು. ಅವ್ವ ಎಣ್ಣೆ ಗಿಂಡಿ ಹಿಡಿದು ಚಕ್ರದ ಪಕ್ಕ ಕೂತು, "ನನ್ನ ಸೊಸಿ ಸುಖವಾಗಿ ಕುಂತು ಬರ್ಲಿ," ಎಂದು ಗೊಣಗುತ್ತಿದ್ದಳು. ಎಣ್ಣೆ ದೀಪಕ್ಕಿರಬೇಕು ಎಂದುಕೊಂಡು ಹೊರಟುಬಿಟ್ಟೆ.

ದಾರಿಯುದ್ದಕ್ಕೂ ಏರು, ಬಯಲು. ಬ್ರೇಕಿನ ಅಗತ್ಯವೇ ಬೀಳಲಿಲ್ಲ. ಮಾವನ ಮನೆ ಮುಂದಿನ ಇಳಿಜಾರಿನಲ್ಲಿ ಗತ್ತಿನಿಂದ ಎರಡೂ ಹಿಡಿ ಒತ್ತಿದೆ. ರಬ್ಬರು ರಿಮ್ಮಿನ ಮೇಲೆ ಜಾರಿತು. ಕಾಲಿಡೋಣವೆಂದರೆ, ಸವೆಯದಿರಲಿ ಎಂದು ಹೊಸ ಚಪ್ಪಲಿಯನ್ನು ಹ್ಯಾಂಡಲ್ಲಿಗೆ ನೇತುಹಾಕಿದ್ದೆ. ಕುರಿರೊಪ್ಪದ ಮುಳ್ಳುಬೇಲಿ ಮುರಿದುಕೊಂಡು ಟಗರುಗಳ ನಡುವೆ ಹೋಗಿ ಬಿದ್ದೆ.

ಮಾವ ಮುದ್ದಪ್ಪ ಜಗಲಿಯಿಂದ ಏಳದೆ ಹೇಳಿದರು: "ಬರ್ರಿ ಅಳಿಯಂದ್ರೆ. ಬಾಗಿಲು ಈ ಕಡೆ ಐತೆ."

ಪಾಲಮ್ಮ ಹೊರಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಸೈಕಲ್ಲನ್ನು ಎತ್ತಿ ನಿಲ್ಲಿಸಿ ಹಿಡಿ ಒತ್ತಿದಳು, ಚಕ್ರ ತಿರುಗುತ್ತಲೇ ಇತ್ತು. ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ರಿಮ್ಮಿಗೆ ಬೆರಳಾಡಿಸಿ ಮೂಸಿದಳು.

"ಹರಳೆಣ್ಣೆ," ಎಂದಳು. "ಯಾರು ಹಚ್ಚಿದ್ದು?"

"ಇನ್ಯಾರು, ನಮ್ಮವ್ವ. ನನ್ನ ಸೊಸಿ ಸುಖವಾಗಿ ಕುಂತು ಬರ್ಲಿ ಅಂತ ಗೊಣಗ್ತಿದ್ಲು. ಅವಳಿಂದ ನನ್ನ ಮೊಣಕಾಲು ಹೋಯ್ತು."

ಪಾಲಮ್ಮ ಬೆರಳನ್ನು ಮತ್ತೆ ಮೂಸಿದಳು. ಆಮೇಲೆ ಒಳಗಿನಿಂದ ಒಲೆಬೂದಿ ತಂದು ಎರಡೂ ರಿಮ್ಮು, ನಾಲ್ಕೂ ರಬ್ಬರು ಪಾತ್ರೆ ತಿಕ್ಕುವಂತೆ ತಿಕ್ಕಿ ತೊಳೆದಳು. ಹಿಡಿ ಒತ್ತಿದಳು. ಚಕ್ರ ನಿಂತಿತು.

"ಹತ್ತು, ಹೋಗಾಣ," ಎಂದು ಗಂಟು ತಂದಳು.

ಹಟ್ಟಿ ಬಾಗಿಲಲ್ಲಿ ಅವ್ವ ಕಾಯುತ್ತಿದ್ದಳು. ಸೈಕಲ್ಲಿನ ಮಡ್‌ಗಾರ್ಡು ಸೊಟ್ಟಗಾಗಿತ್ತು, ನನ್ನ ಮೊಣಕಾಲು ಸುಲಿದಿತ್ತು. ಅವ್ವ ಎರಡನ್ನೂ ದಾಟಿ ನೇರವಾಗಿ ಪಾಲಮ್ಮನ ಮೈಕೈ ಮುಟ್ಟಿ ನೋಡಿದಳು.

"ಬಿದ್ಯೇನವ್ವ?"

"ಇಲ್ಲ ಅತ್ತೆ. ನಿಮ್ಮ ಮಗ ಬಿದ್ದ."

"ಅವನು ಬೀಳ್ಲಿ ಬಿಡು," ಎಂದು ಅವ್ವ ಒಳಗೆ ಹೋಗಿ ಎಣ್ಣೆ ಗಿಂಡಿ ತಂದಳು. ನನ್ನ ಮೊಣಕಾಲಿಗಿರಬೇಕೆಂದು ಪಂಚೆ ಎತ್ತಿ ಕೂತೆ. ಅವಳು ಪಾಲಮ್ಮನನ್ನು ಮುಂದೆ ಕೂರಿಸಿಕೊಂಡು ಅವಳ ನೆತ್ತಿಗೆ ಎಣ್ಣೆ ಒತ್ತತೊಡಗಿದಳು. ಗಿಂಡಿಯಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ನಾನು ಪಂಚೆ ಇಳಿಸಿಕೊಂಡು, ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಬಣವೆಯ ಹಿಂದೆ ಬಚ್ಚಿಟ್ಟೆ.